ಹೇಳಿ ಬರಬೇಕು

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಅವರೆಲ್ಲ ಹೂವಾಗಬೇಕಿತ್ತು.

ಬೆಳಿಗ್ಗೆ ಏಳರಿಂದ ಆಸ್ಪತ್ರೆಯ ಬಟ್ಟೆ ಒಗೆದು, ಹಿಂಡಿ, ಮಡಿಚಿ, ಸೋಪಿನ ಪುಡಿಗೆ ಬಿರಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಇಪ್ಪತ್ತೆರಡು ಹೆಂಗಸರು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಸಾಲಾಗಿ ಕೂರಬೇಕು. ಕಣ್ಣು ಮುಚ್ಚಬೇಕು. 'ನಾನು ಅರಳುತ್ತಿರುವ ಹೂವು' ಎಂದು ಮೂರು ಸಲ ಹೇಳಬೇಕು. ಮೂರನೆಯ ಸಲ ಮುಗುಳ್ನಗಬೇಕು. ಕಲ್ಯಾಣಮ್ಮ ಸಾಲುಗಳ ನಡುವೆ ಓಡಾಡುತ್ತ, ಯಾರು ಎಷ್ಟು ಅರಳಿದರು ಎಂದು ನೋಡಿ, ರಟ್ಟಿಗೆ ಸಿಕ್ಕಿಸಿದ ಹಾಳೆಯಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಿದ್ದರು.

ಕಲ್ಯಾಣಮ್ಮ ಎಂಬುದು ಅವರ ಹೆಸರಲ್ಲ. ಅವರು ಲಾಂಡ್ರಿಯ ಕಾರ್ಮಿಕ ಕಲ್ಯಾಣಾಧಿಕಾರಿ. ಅಷ್ಟುದ್ದ ಕರೆಯುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಈ ತರಗತಿಗೆ 'ಭರವಸೆಯ ಹೊತ್ತು' ಎಂದು ಅವರೇ ಹೆಸರಿಟ್ಟಿದ್ದರು. ಆ ಹೊತ್ತಿಗೆ ಸಂಬಳವಿರಲಿಲ್ಲ. ಭರವಸೆಗೆ ಬೆಲೆ ಕಟ್ಟಲಾಗುವುದಿಲ್ಲವಲ್ಲ.

ಕೊನೆಯ ಸಾಲಿನ ಗೋಡೆ ಬದಿಯ ಕುರ್ಚಿಯಲ್ಲಿ ಹೊಸಬಳು ಕೂರುತ್ತಿದ್ದಳು. ಸೇರಿ ಐದು ತಿಂಗಳಾಗಿದ್ದರೂ ಅವಳಿಗೆ ಅದೇ ಹೆಸರು. ಅವಳು ಕಣ್ಣು ಮುಚ್ಚುತ್ತಿರಲಿಲ್ಲ.

"ಕಣ್ಣು ಮುಚ್ಚಮ್ಮ."

"ನೀವು ನಿಂತಿದೀರಲ್ಲ ಮೇಡಂ."

"ನಾನು ನಿಂತ್ರೆ ನಿನಗೇನು?"

"ನೀವು ಕೂತ್ರೆ ಮುಚ್ತೀನಿ."

ಕಲ್ಯಾಣಮ್ಮ ಕೂರಲಿಲ್ಲ. ಕೂತರೆ ಅಂಕ ಹಾಕುವುದು ಹೇಗೆ? ಹೊಸಬಳಿಗೆ ಹತ್ತಕ್ಕೆ ಎರಡು ಬಿತ್ತು. ಆ ಎರಡೂ ಹೊತ್ತಿಗೆ ಸರಿಯಾಗಿ ಬಂದು ಕೂತದ್ದಕ್ಕೆ.

ಏಳು ವರ್ಷದ ಸಂಸಾರ ಅವಳಿಗೆ ಕೊಟ್ಟದ್ದನ್ನೆಲ್ಲ ಅವಳು ಮೈಮೇಲೇ ಹೊತ್ತು ತಂದಿದ್ದಳು. ಎಡಗಿವಿ ಕೇಳಿಸುತ್ತಿರಲಿಲ್ಲ. ಬಲ ಮಣಿಕಟ್ಟು ಓರೆಯಾಗಿ ಕೂಡಿಕೊಂಡಿತ್ತು. ಮೂಳೆ ಕೂಡಿಸಿದ ಡಾಕ್ಟರು ಹೇಗಾಯ್ತು ಎಂದು ಕೇಳಿದಾಗ ಗಂಡನೇ ಮುಂದೆ ಬಂದು, "ಬಚ್ಚಲಲ್ಲಿ ಬಿದ್ದಳು ಸಾರ್, ಎಷ್ಟು ಹೇಳಿದ್ರೂ ಕೇಳಲ್ಲ," ಅಂದಿದ್ದ. ಡಾಕ್ಟರು ಅವಳ ಕಡೆ ತಿರುಗಿ, ಹುಷಾರಾಗಿರಬೇಕಮ್ಮ ಎಂದು ಬುದ್ಧಿ ಹೇಳಿದ್ದರು. ಒಳ್ಳೆಯ ಡಾಕ್ಟರು. ಅವರ ಮಾತು ಅವಳು ಮೀರಲಿಲ್ಲ. ಕಟ್ಟು ಬಿಚ್ಚಿದ ವಾರವೇ, ಅವನು ಕೆಲಸಕ್ಕೆ ಹೋದ ಮೇಲೆ, ಮಗಳ ಕೈ ಹಿಡಿದು ಬಾಗಿಲು ದಾಟಿದಳು. ಅದಕ್ಕಿಂತ ಹುಷಾರಾಗಿರುವುದು ಅವಳಿಗೆ ತಿಳಿದಿರಲಿಲ್ಲ.

ಲಾಂಡ್ರಿಯಲ್ಲಿ ಅವಳನ್ನು ಮಡಿಚುವ ಶೆಡ್ಡಿಗೆ ಹಾಕಿದರು. ಹಗುರ ಕೆಲಸ ಅಂದರು. ಬಿಸಿ ಉರುಳೆಯ ಯಂತ್ರದಿಂದ ಹಾಸಿಗೆಯ ಬಟ್ಟೆಗಳು ಒಂದರ ಹಿಂದೊಂದು ಹೊಗೆಯಾಡುತ್ತ ಹೊರಬರುತ್ತವೆ. ಬಿಸಿ ಆರುವ ಮುಂಚೆ ಮಡಿಚಬೇಕು, ಇಲ್ಲದಿದ್ದರೆ ಸುಕ್ಕು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಇಬ್ಬರು ಎದುರು ಬದುರು ನಿಂತು ನಾಲ್ಕು ತುದಿ ಹಿಡಿದು, ಜಗ್ಗಿ, ಉದ್ದಕ್ಕೆ ಒಂದು ಮಡಿಕೆ ಹಾಕಬೇಕು. ಆಮೇಲೆ ಎದುರಿನವಳು ಎರಡೂ ಕೈ ಮೇಲೆತ್ತಿಕೊಂಡು, ದಾಪುಗಾಲು ಹಾಕಿ, ನೇರ ನಿಮ್ಮ ಮುಖದ ಕಡೆಗೆ ನಡೆದು ಬರುತ್ತಾಳೆ. ತನ್ನ ಕೈಯ ತುದಿಗಳನ್ನು ನಿಮ್ಮ ಕೈಗೆ ಕೊಡಲು ಬರುತ್ತಾಳೆ, ಅಷ್ಟೇ.

ಮೊದಲ ದಿನ ಹೊಸಬಳು ಬಟ್ಟೆ ಬಿಟ್ಟು ತೋಳುಗಳಲ್ಲಿ ತಲೆ ಮುಚ್ಚಿಕೊಂಡು ಕುಕ್ಕರಿಸಿಬಿಟ್ಟಳು.

ಬಟ್ಟೆ ನೆಲಕ್ಕೆ ಬಿತ್ತು. ನೆಲಕ್ಕೆ ಬಿದ್ದದ್ದು ಮತ್ತೆ ಒಗೆಯಲು ಹೋಗಬೇಕು. ಎರಡನೆಯದೂ ಬಿತ್ತು. ಐದನೆಯದೂ ಬಿತ್ತು.

"ಏನಮ್ಮಾ, ಬಟ್ಟೆ ಕಚ್ಚುತ್ತಾ ನಿನಗೆ?" ಮೇಸ್ತ್ರಿ ದೂರದಿಂದ ಕೂಗಿದ. "ಎಲ್ಲಿಂದ ಹಿಡ್ಕೊಂಡು ಬರ್ತಾರೋ ಇಂಥವರನ್ನ. ಬಟ್ಟೆ ನೋಡಿ ಹೆದರೋಳು ಇಲ್ಲಿ ಏನ್ ಕಡಿದು ಕಟ್ಟೆ ಹಾಕ್ತಾಳೆ?"

ಎದುರಿಗಿದ್ದವಳು ಗುಡುಗಮ್ಮ. ಮೂವತ್ತು ವರ್ಷ ಬಾಯ್ಲರಿನ ಪಕ್ಕ ನಿಂತು ಮಾತಾಡಿದವಳು, ಗುಟ್ಟು ಹೇಳಿದರೂ ಎರಡು ಬೀದಿಗೆ ಕೇಳುತ್ತಿತ್ತು. ಅವಳು ಹೊಸಬಳನ್ನು ಏನೂ ಕೇಳಲಿಲ್ಲ. ಯಾರು, ಯಾಕೆ, ಎಷ್ಟು ದಿನದಿಂದ, ಏನೂ ಇಲ್ಲ. ಬಿದ್ದ ಬಟ್ಟೆಯನ್ನು ಬುಟ್ಟಿಗೆ ಎಸೆದು ಒಂದೇ ಮಾತು ಕೇಳಿದಳು.

"ಯಾವ ಕಿವಿ ಕೇಳಲ್ಲ ನಿನಗೆ?"

"ಎಡಗಿವಿ ಅಕ್ಕ."

"ಸರಿ. ಇನ್ಮೇಲೆ ನಾನು ಹೇಳಿ ಬರ್ತೀನಿ. ನೀನು 'ಬಾ' ಅನ್ನೋ ತನಕ ಹೆಜ್ಜೆ ಎತ್ತಲ್ಲ. ಹೇಳದೆ ಬಂದ್ರೆ ನನ್ನ ಮುಖಕ್ಕೇ ಬಾರಿಸು. ಮೇಸ್ತ್ರಿ ಕೇಳಿದ್ರೆ ನಾನೇ ಹೇಳಿದ್ದು ಅನ್ನು."

ಆಮೇಲೆ ತಗಡಿನ ಚಾವಣಿ ನಡುಗುವಂತೆ ಕೂಗಿದಳು: "ಬರ್ತಿದೀನೀ!"

ಮೊದಲ ವಾರ 'ಬಾ' ಎನ್ನುವಷ್ಟರಲ್ಲಿ ಗುಡುಗಮ್ಮ ನಿಂತಲ್ಲೇ ಒಂದು ನಿದ್ದೆ ತೆಗೆಯಬಹುದಿತ್ತು. ಬಿಸಿ ಬಟ್ಟೆ ಬೆರಳು ಸುಡುತ್ತಿದ್ದರೂ ಅವಳು ತುಟಿಪಿಟಿಕ್ಕೆನ್ನದೆ ನಿಲ್ಲುತ್ತಿದ್ದಳು. ಗುಡುಗಮ್ಮ ತುಟಿಪಿಟಿಕ್ಕೆನ್ನದೆ ಇದ್ದದ್ದನ್ನು ಆ ಶೆಡ್ಡು ಅದೇ ಮೊದಲು ಕಂಡದ್ದು. ಎರಡನೆಯ ವಾರ ಸ್ವಲ್ಪ ಬೇಗ ಬಂತು. ಒಂದು ತಿಂಗಳಾದ ಮೇಲೆ ಕೂಗಿನ ಬೆನ್ನಿಗೇ 'ಬಾ' ಬರತೊಡಗಿತು. ಬಟ್ಟೆ ಬೀಳುವುದು ನಿಂತಿತು. ಒಂದು ದಿನ ಗುಡುಗಮ್ಮ ಕೂಗುವ ಮುಂಚೆಯೇ ಹೊಸಬಳು "ಬಾ ಅಕ್ಕ" ಅಂದುಬಿಟ್ಟಳು. ಅಂದಮೇಲೆ ತಾನೇ ಬೆಚ್ಚಿದಳು. ಅದಕ್ಕೆ ಅಂಕ ಹಾಕುವವರು ಯಾರೂ ಅಲ್ಲಿರಲಿಲ್ಲ.

ಉಳಿದ ಜೋಡಿಗಳು ಮೊದಲು ಅಣಕಿಸಲು ಕೂಗಿದವು. ಅಣಕಿಸುತ್ತ ಅಣಕಿಸುತ್ತ ರೂಢಿಯಾಯಿತು. ರೂಢಿಯಾದ ಮೇಲೆ ಕೂಗದಿದ್ದರೆ ಕೈ ಓಡದು. ಒಂದು ಮಧ್ಯಾಹ್ನ ಮೂಲೆಯ ಜೋಡಿಯ ಹೆಂಗಸೊಬ್ಬಳು 'ಬಾ' ಅನ್ನಲು ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಯಾಕೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ತಂತಮ್ಮ ಮನೆಗಳಿದ್ದವು.

ಕಲ್ಯಾಣಮ್ಮ ಒಮ್ಮೆ ಆ ಕಡೆ ಹಾದು ಹೋಗುವಾಗ ಇದನ್ನು ಕೇಳಿ ಬಾಗಿಲಲ್ಲೇ ನಿಂತರು. ಕಣ್ಣು ತುಂಬಿ ಬಂತು. ಮುಖ್ಯ ಕಚೇರಿಗೆ ವರದಿ ಬರೆದರು: 'ಭರವಸೆಯ ಹೊತ್ತು ಆರಂಭವಾದಂದಿನಿಂದ ಮಹಿಳೆಯರು ಕೆಲಸ ಮಾಡುತ್ತ ಹಾಡುತ್ತಿದ್ದಾರೆ.' ಮುಖ್ಯ ಕಚೇರಿಯಿಂದ ಕಲ್ಯಾಣಮ್ಮನಿಗೆ ಮೆಚ್ಚುಗೆಯ ಪತ್ರ ಬಂತು. ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಮೊಳೆ ಹೊಡೆಯಲು ಮಡಿಚುವ ಶೆಡ್ಡಿನವಳೊಬ್ಬಳನ್ನೇ ಕರೆಸಿದರು.

ಹೊಸಬಳಿಗೆ ಪತ್ರವೊಂದು ಬೇಕಿತ್ತು. ಮೆಚ್ಚುಗೆಯದಲ್ಲ, ಕಾಯಂ ಪತ್ರ. ಆರು ತಿಂಗಳ ಪರೀಕ್ಷೆಯ ಅವಧಿ ಆ ತಿಂಗಳಿಗೆ ಮುಗಿಯುತ್ತಿತ್ತು. ಅವಳಿದ್ದ ಹಾಸ್ಟೆಲಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ. ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟಿದ್ದಳು. ಸೈಕಲ್ ರಿಪೇರಿ ಅಂಗಡಿಯ ಮೇಲೊಂದು ಕೋಣೆ ಖಾಲಿಯಿತ್ತು. ಹೋಗಿ ನೋಡಿದ್ದಳು. ಒಂದು ಕಿಟಕಿ, ಒಂದು ನಲ್ಲಿ, ಒಳಗಿನಿಂದ ಹಾಕುವ ಗಟ್ಟಿ ಚಿಲಕ. ಮನೆಯೊಡತಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಕಾಯಂ ಪತ್ರ ತಾ, ಬೀಗದ ಕೈ ತಗೋ. ತಿಂಗಳ ಕೊನೆ ತನಕ ಕಾಯ್ತೀನಿ, ಆಮೇಲೆ ಬೇರೆಯವರಿಗೆ," ಅಂದಿದ್ದಳು.

ಭಾನುವಾರ ಫೋನಿನಲ್ಲಿ ತಂಗಿ ಮೆಲ್ಲಗೆ, "ಇನ್ನೆಷ್ಟು ದಿನ ಅಕ್ಕ? ಇವರು ಮುಖ ಊದಿಸ್ಕೊಂಡಿದಾರೆ," ಅಂದಳು. ಮಗಳು ಫೋನು ಇಸಿದುಕೊಂಡು, "ಅಮ್ಮಾ, ನಾನಿಲ್ಲಿ ತುದಿಗಾಲಲ್ಲಿ ನಡೀತೀನಿ. ಚಿಕ್ಕಪ್ಪನಿಗೆ ಶಬ್ದಾನೇ ಕೇಳ್ಸಲ್ಲ. ನಂಗೆ ಚೆನ್ನಾಗಿ ಬರುತ್ತೆ," ಅಂದಳು.

ಆರು ವರ್ಷದ ಮಗು ಅದನ್ನು ಎಲ್ಲಿ ಕಲಿಯಿತೆಂದು ಅವಳಿಗೆ ಗೊತ್ತಿತ್ತು.

ಕಾಯಂ ಮಾಡಲು ಒಂದು ಅರ್ಜಿ ತುಂಬಬೇಕಿತ್ತು. ಅದರ ಕೊನೆಯಲ್ಲಿ ಒಂದು ಚೌಕ. 'ಗಂಡ ಅಥವಾ ತಂದೆಯ ಒಪ್ಪಿಗೆ ಸಹಿ.' ತಂದೆ ತೀರಿಕೊಂಡು ಹತ್ತು ವರ್ಷ.

"ಇದು ಯಾಕೆ ಬೇಕು?" ಮೇಸ್ತ್ರಿಯನ್ನು ಕೇಳಿದಳು.

"ಮೊದಲಿಂದಾನೂ ಇದೆ."

"ಗಂಡಸರ ಅರ್ಜೀಲಿ ಹೆಂಡತಿ ಸಹಿ ಕೇಳ್ತಾರಾ?"

"ಗಂಡಸು ದುಡಿಯೋಕೆ ಯಾರ ಒಪ್ಪಿಗೆ ಯಾಕಮ್ಮ ಬೇಕು? ಒಳ್ಳೆ ಕತೆಯಾಯ್ತಲ್ಲ."

ಅವಳು ಕಲ್ಯಾಣಮ್ಮನ ಹತ್ತಿರ ಹೋದಳು. ಅವರು ಅರ್ಜಿ ಇಸಿದುಕೊಂಡು, ಮುಗುಳ್ನಕ್ಕು, "ಈ ಚಿಂತೆ ನನಗೆ ಬಿಡು," ಅಂದರು. ಬಿಟ್ಟಳು. ಅದೊಂದು ತಪ್ಪು ಮಾಡಿದಳು.

ಮುಂದಿನ ಬುಧವಾರ ಮೂರಕ್ಕೆ ಹೂವಾಗುವ ಮುಂಚೆ ಕಲ್ಯಾಣಮ್ಮ ಚಪ್ಪಾಳೆ ತಟ್ಟಿ, "ಇವತ್ತು ನಮ್ಮ ಹೊಸಬಳಿಗೆ ಒಂದು ಸಿಹಿ ಸುದ್ದಿ ಇದೆ," ಅಂದರು. ಬಾಗಿಲು ತೆರೆಯಿತು. ಗಂಡ ಒಳಗೆ ಬಂದ.

ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ. ಬಾಚಿದ ತಲೆ. ಕೈಯಲ್ಲಿ ಅರ್ಜಿ. ಅವನು ಶಾಲೆಯ ವ್ಯಾನಿನ ಚಾಲಕ. ಬೀದಿಯ ತಾಯಂದಿರೆಲ್ಲ ಅವನನ್ನು ಹೊಗಳುತ್ತಿದ್ದರು. ಹತ್ತು ವರ್ಷದಲ್ಲಿ ಒಂದು ಸಲ ಹಾರ್ನ್ ಹೊಡೆದವನಲ್ಲ, ಒಂದು ಮಗುವಿನ ಮೇಲೆ ದನಿ ಏರಿಸಿದವನಲ್ಲ. ಮನೆಯಲ್ಲೂ ಅವನು ಜೋರಾಗಿ ಮಾತಾಡುತ್ತಿರಲಿಲ್ಲ. ಟಿ.ವಿ. ಶಬ್ದ ಏರಿಸಿ, ಕಿಟಕಿ ಮುಚ್ಚಿ, ಆಮೇಲೆ ಶುರುಮಾಡುತ್ತಿದ್ದ. ನೆರೆಯವರಿಗೆ ತೊಂದರೆಯಾಗಬಾರದಲ್ಲ.

"ನಾನೇ ಫೋನ್ ಮಾಡಿ ಮಾತಾಡ್ದೆ," ಕಲ್ಯಾಣಮ್ಮನ ದನಿಯಲ್ಲಿ ಹೆಮ್ಮೆ. "ಎಷ್ಟು ಒಳ್ಳೆ ಮನುಷ್ಯ! ಒಂದೇ ಮಾತಿಗೆ ಸಹಿ ಹಾಕಿದಾರೆ. ತಪ್ಪು ಇಬ್ಬರದೂ ಇರುತ್ತೆ. ಭರವಸೆ ಅಂದ್ರೆ ಇದೇ, ಮುರಿದದ್ದನ್ನ ಜೋಡಿಸೋದು."

"ಮನೆ ಬಿಕೋ ಅಂತಿದೆ ಮೇಡಂ," ಗಂಡ ತಲೆ ತಗ್ಗಿಸಿ ಹೇಳಿದ. "ಸಹಿ ಏನ್ ದೊಡ್ಡದು. ಅವಳು ಕೆಲಸಕ್ಕೆ ಬೇಕಾದ್ರೆ ಬರಲಿ. ಸಂಜೆ ಮನೆಗೆ ಬರಲಿ ಅಷ್ಟೇ ನಾನು ಕೇಳೋದು."

ಅವನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಆಫೀಸಿನ ಗುಮಾಸ್ತ ನಿಟ್ಟುಸಿರು ಬಿಟ್ಟ. ಮೇಸ್ತ್ರಿಯೂ ತಲೆಯಾಡಿಸಿದ. ಹೊಸಬಳು ಕುರ್ಚಿಯಿಂದ ಎದ್ದಿದ್ದಳು. ಓರೆ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಬಾಗಿಲಿಗೂ ತನಗೂ ನಡುವೆ ಎಷ್ಟು ಕುರ್ಚಿಗಳಿವೆ ಎಂದು ಅವಳ ಕಣ್ಣು ತಾನಾಗಿ ಲೆಕ್ಕ ಹಾಕುತ್ತಿತ್ತು.

ಕಲ್ಯಾಣಮ್ಮನಿಗೆ ಒಂದು ಫೋಟೋ ಬೇಕಿತ್ತು. ಮುಖ್ಯ ಕಚೇರಿಯ ಪತ್ರಿಕೆಗೆ. ಗಂಡ ಹೆಂಡತಿ ಸೇರಿ ಒಂದು ಬಟ್ಟೆ ಮಡಿಚುತ್ತಿರುವ ಫೋಟೋ. ಎಲ್ಲರನ್ನೂ ಶೆಡ್ಡಿಗೆ ಹೊರಡಿಸಿದರು. ಸಂಜೆ ಪಾಳಿಗೆ ಯಂತ್ರ ಆಗಲೇ ಬಿಸಿಯಾಗಿತ್ತು. ಆಗಷ್ಟೇ ತೊಳೆದ ನೆಲ ಅಲ್ಲಲ್ಲಿ ಒದ್ದೆ. ಒಂದು ಬಟ್ಟೆ ತೆಗೆದು ಎರಡು ತುದಿ ಅವನ ಕೈಗೆ ಕೊಟ್ಟರು, ಎರಡು ಇವಳ ಕೈಗೆ.

"ಇಲ್ಲಿ ಒಂದು ಹಾಡಿದೆ," ಕಲ್ಯಾಣಮ್ಮ ಫೋನು ಎತ್ತಿ ಹಿಡಿಯುತ್ತ ಅವನಿಗೆ ಹೇಳಿಕೊಟ್ಟರು. "'ಬರ್ತಿದೀನಿ' ಅಂತ ಹೇಳ್ಕೊಂಡು ಹೋಗ್ಬೇಕು. ತುಂಬ ಚೆಂದ ಇರುತ್ತೆ."

ಅವನು ನಕ್ಕ. "ನನ್ನ ಹೆಂಡ್ತಿ ಹತ್ರ ಹೋಗೋಕೆ ನಾನು ಹೇಳಿ ಹೋಗ್ಬೇಕಾ ಮೇಡಂ?"

ಗುಮಾಸ್ತ ನಕ್ಕ. ಮೇಸ್ತ್ರಿ ನಕ್ಕ. ಶೆಡ್ಡಿನ ಹೆಂಗಸರು ನಗಲಿಲ್ಲ.

ಅವನು ಹೆಜ್ಜೆ ಎತ್ತಿದ.

"ಹೇಳಿ ಬಾ," ಅಂದಳು ಹೊಸಬಳು.

ದನಿ ಸಣ್ಣದಾಗಿತ್ತು. ಆದರೆ ಶೆಡ್ಡಿನಲ್ಲಿ ಯಂತ್ರದ ಉರುಳೆ ಬಿಟ್ಟರೆ ಬೇರೆ ಶಬ್ದವಿರಲಿಲ್ಲ.

"ಏನು?"

"ಇಲ್ಲಿ ಹೇಳಿ ಬರ್ಬೇಕು."

ಅವನು ಸುತ್ತ ನೋಡಿದ. ಫೋನಿನ ಕಣ್ಣು ಅವನ ಮೇಲಿತ್ತು. ಮಗುವಿನ ಹಟಕ್ಕೆ ಮಣಿಯುವ ದೊಡ್ಡ ಮನುಷ್ಯನಂತೆ ತಲೆ ಓರೆ ಮಾಡಿ, "ಸರಿಯಮ್ಮ. ಬರ್ತಿದೀನಿ," ಅಂದ.

ಎಲ್ಲರೂ ಕಾದರು. ಕಲ್ಯಾಣಮ್ಮ ಕಾದರು. ಗುಡುಗಮ್ಮ ಕೈ ಕಟ್ಟಿ ಕಾದಳು. ಈಗ ಅವಳು ಒಂದು ಅಕ್ಷರ ಹೇಳಬೇಕಿತ್ತು.

"ಬೇಡ," ಅಂದಳು.

ಅವನ ನಗು ಮುಖದಲ್ಲೇ ಉಳಿಯಿತು, ಕಣ್ಣು ಮಾತ್ರ ಬದಲಾಯಿತು. ಆ ಕಣ್ಣು ಅವಳಿಗೆ ಗೊತ್ತಿತ್ತು. ಕಿಟಕಿ ಮುಚ್ಚುವಾಗಿನ ಕಣ್ಣು. ಕುಕ್ಕರಿಸಬೇಕು, ತಲೆ ಮುಚ್ಚಿಕೊಳ್ಳಬೇಕು ಎಂದು ಮೈಯೆಲ್ಲ ಕೂಗಿತು. ಅವಳು ನಿಂತೇ ಇದ್ದಳು.

"ಮನೆಗೆ ಬಾ, ಹೇಳ್ತೀನಿ," ಅವನು ತುಟಿಯಲುಗಿಸದೆ ಅಂದ.

"ಇಲ್ಲೇ ಹೇಳು," ಅಂದಳು ಅವಳು, ಈಗ ಜೋರಾಗಿ. "ನನಗೆ ಒಂದು ಕಿವಿ ಕೇಳಲ್ಲ. ಯಾಕೆ ಕೇಳಲ್ಲ ಅಂತ ಮೇಡಂಗೆ ಹೇಳು. ಈ ಮಣಿಕಟ್ಟು ತೋರ್ಸು. ನಿನ್ನ ಕೆಲಸ ತಾನೇ? ನಾಚಿಕೆ ಯಾಕೆ?"

"ನೋಡಿದ್ರಾ ಮೇಡಂ, ಇದೇ ಇವಳ ಬುದ್ಧಿ," ಎನ್ನುತ್ತ ಅವನು ಬಟ್ಟೆಯನ್ನು ತನ್ನ ಕಡೆಗೆ ಜಗ್ಗಿದ. ಮೆಲ್ಲಗಲ್ಲ. ಬಟ್ಟೆಯ ಜೊತೆ ಅವಳೂ ಬರುತ್ತಾಳೆ ಎಂದುಕೊಂಡಿದ್ದ. ಏಳು ವರ್ಷ ಬಂದಿದ್ದಳು.

ಅವಳು ಎರಡೂ ತುದಿ ಬಿಟ್ಟಳು.

ಅವನು ಹಿಂದಕ್ಕೆ ತೂರಾಡಿ ಒದ್ದೆ ನೆಲದ ಮೇಲೆ ದೊಪ್ಪನೆ ಕೂತ. ಬಟ್ಟೆ ಅವನ ಮಡಿಲಿಗೆ ಬಿತ್ತು.

"ಹುಷಾರಾಗಿರ್ಬೇಕು," ಅಂದಳು ಅವಳು. "ನೆಲ ಜಾರುತ್ತೆ. ಎಷ್ಟು ಹೇಳಿದ್ರೂ ಕೇಳಲ್ಲ."

ಅವನು ಎದ್ದ. ಅಂಗಿ ಕೊಡವಿಕೊಂಡ. ಇಷ್ಟು ಜನರೆದುರು ಅವನಿಂದ ಏನೂ ಮಾಡಲಾಗುತ್ತಿರಲಿಲ್ಲ. ಅವನ ಕಸುಬಿಗೆ ಜನ ಇರಬಾರದು. ಅರ್ಜಿಯನ್ನು ಕಲ್ಯಾಣಮ್ಮನ ಮುಂದೆಯೇ ನಾಲ್ಕು ಚೂರು ಮಾಡಿ, "ಅವಳಿಗೆ ಬೇಡವಂತೆ ಮೇಡಂ," ಎಂದು ಹೊರಟುಹೋದ.

ಕಲ್ಯಾಣಮ್ಮ ತುಂಬ ನೊಂದುಕೊಂಡರು. ಅವರಿಗಾದ ನೋವನ್ನು ಕಂಡು ಗುಮಾಸ್ತ ನೀರು ತಂದುಕೊಟ್ಟ. "ನಿನಗೋಸ್ಕರ ನಾನು ಇಷ್ಟೆಲ್ಲ ಮಾಡ್ದೆ. ಕ್ಷಮಿಸೋ ಗುಣವೇ ಇಲ್ವಲ್ಲ ನಿನ್ನಲ್ಲಿ," ಎಂದು ಹಾಳೆ ತೆರೆದು ಅವಳಿಗೆ ಸೊನ್ನೆ ಹಾಕಿದರು.

ಮರುದಿನ ಬೆಳಿಗ್ಗೆ ಅವಳು ಗುಮಾಸ್ತನಿಂದ ಹೊಸ ಅರ್ಜಿ ಇಸಿದುಕೊಂಡಳು. ತನ್ನ ಕೈಯಾರೆ ತುಂಬಿದಳು. ಕೊನೆಯ ಚೌಕಕ್ಕೆ ಅಡ್ಡಲಾಗಿ ಗೀಟು ಎಳೆದಳು. ಓರೆ ಕೈಯಲ್ಲಿ ಗೀಟು ನೆಟ್ಟಗೆ ಬರಲಿಲ್ಲ. ಇನ್ನೊಂದು ಎಳೆದಳು. ಮ್ಯಾನೇಜರ ಮೇಜಿನ ಮೇಲಿಟ್ಟಳು.

"ಇದು ಖಾಲಿ ಬಿಟ್ರೆ ಆಗಲ್ಲಮ್ಮ."

"ಖಾಲಿ ಬಿಟ್ಟಿಲ್ಲ ಸಾರ್. ಗೀಟು ಹಾಕಿದೀನಿ."

"ನಿಯಮ ಇದೆ."

"ಕೆಲಸ ನಾನು ಮಾಡೋದು. ಸಹಿ ನಾನು ಹಾಕಿದೀನಿ."

ಮ್ಯಾನೇಜರು ಕನ್ನಡಕ ತೆಗೆದರು. "ಮೂರು ತಿಂಗಳು ಬಿಟ್ಟು ಬಾ, ನೋಡೋಣ."

ತಿಂಗಳ ಕೊನೆಗೆ ನಾಲ್ಕು ದಿನವಿತ್ತು. ಅವಳು ಎದುರಿನ ಕುರ್ಚಿ ಎಳೆದು ಕೂತಳು. ಆ ಕುರ್ಚಿಯಲ್ಲಿ ಶೆಡ್ಡಿನವರು ಕೂತದ್ದು ಅದೇ ಮೊದಲು. ಮ್ಯಾನೇಜರು ಫೋನು ಹುಡುಕಿದರು. ಹುಡುಕುತ್ತಿದ್ದಂತೆ ಅದೇ ಹೊಡೆದುಕೊಂಡಿತು. ಮೇಸ್ತ್ರಿಯದು.

"ಸಾರ್, ಹೊಸಬಳು ಎಲ್ಲಿ? ಗುಡುಗಮ್ಮ ಬೇರೆ ಯಾರ ಜೊತೇಲೂ ಮಡಿಚಲ್ಲ ಅಂತ ಕೂತಿದಾಳೆ."

"ಕೂತ್ಕೊಳ್ಳಲಿ. ಬೇರೆ ಜೋಡಿಗಳಿಲ್ವಾ?"

"ಅವರೂ ಕೂತಿದಾರೆ ಸಾರ್."

"ಯಾಕೆ?"

"ಅವರವರ ಅರ್ಜೀನೂ ನೋಡ್ಬೇಕಂತೆ. ಯಾರ್ಯಾರ ಸಹಿ ಇದೆ ಅಂತ."

ಫೋನಿನ ಹಿಂದಿನಿಂದ ಗುಡುಗಮ್ಮನ ದನಿ, ಫೋನು ಇಲ್ಲದೆಯೂ ಕೇಳುವಷ್ಟು: "ನನ್ನ ಗಂಡ ಸತ್ತು ಎಂಟು ವರ್ಷ ಆಯ್ತು, ಹೋಗಿ ಅವನ ಒಪ್ಪಿಗೆ ಇನ್ನೊಂದ್ಸಲ ಕೇಳ್ಕೊಂಡು ಬರ್ಲಾ ಅಂತ ಕೇಳೋ ಆ ಮಹಾನುಭಾವನನ್ನ!"

ಕಿಟಕಿಯಿಂದ ಶೆಡ್ಡು ಕಾಣುತ್ತಿತ್ತು. ಯಂತ್ರ ಯಾರಿಗೂ ಕಾಯುತ್ತಿರಲಿಲ್ಲ. ಬಟ್ಟೆ ಉಗುಳುತ್ತಲೇ ಇತ್ತು. ಮೇಜಿನ ಮೇಲೆ ಬಿಳಿ ರಾಶಿ ಬೆಳೆದು ಅಂಚಿನಿಂದ ಜಾರತೊಡಗಿತು. ಮೇಸ್ತ್ರಿ ಒಂದರ ಎರಡು ತುದಿ ಹಿಡಿದು ಒಬ್ಬನೇ ಮಡಿಚಲು ಹೋಗಿ ಅದರೊಳಗೇ ಸುತ್ತಿಕೊಂಡ. ಹನ್ನೊಂದಕ್ಕೆ ಆಪರೇಷನ್ ಕೋಣೆಯವರಿಂದ ಫೋನು ಬಂತು. ಹನ್ನೊಂದೂವರೆಗೆ ಮತ್ತೆ ಬಂತು. ಮೂರನೆಯ ಸಲ ಡಾಕ್ಟರೇ ಮಾಡಿದರು. ಅವರು ಹೂವಿನ ಭಾಷೆಯಲ್ಲಿ ಮಾತಾಡಲಿಲ್ಲ.

ಮ್ಯಾನೇಜರು ಪೆನ್ನು ತೆಗೆದುಕೊಂಡು ಬರೆದು ಅವಳ ಕಡೆ ತಳ್ಳಿದರು. "ತಗೋ. ನಿನ್ನ ಕಷ್ಟ ನೋಡಿ ಮಾಡ್ತಿದೀನಿ."

ಅವಳು ಓದಿದಳು. ನಿಧಾನವಾಗಿ, ಪ್ರತಿ ಅಕ್ಷರ. 'ವಿಶೇಷ ಅನುಕಂಪದ ಮೇರೆಗೆ ಕಾಯಂ ಮಾಡಲಾಗಿದೆ.'

"ಅನುಕಂಪ ಬೇಡ ಸಾರ್. ತೆಗೀರಿ."

"ಮತ್ತೇನು ಬರೀಲಿ?"

"ಕೆಲಸ ಬರುತ್ತೆ ಅಂತ ಬರೀರಿ."

ಅವರು ಅವಳ ಮುಖ ನೋಡಿದರು, ಕಿಟಕಿ ನೋಡಿದರು, ಫೋನು ನೋಡಿದರು. ಹೊಡೆದು ಹಾಕಿ ಬರೆದರು. ಅವಳು ಮೊಹರು ಕೇಳಿದಳು. ಮೊಹರೂ ಬಿತ್ತು. ಪತ್ರವನ್ನು ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಗಂಡನ ಭಯ ಇನ್ನೂ ಬಹಳ ದಿನ ಇರುತ್ತದೆಂದು ಅವಳಿಗೆ ಗೊತ್ತಿತ್ತು. ಇರಲಿ.

ಶೆಡ್ಡಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಪುರುಸೊತ್ತಿರಲಿಲ್ಲ.

"ಏನ್ ಬರ್ಕೊಟ್ಟ?" ಗುಡುಗಮ್ಮ ಕೇಳಿದಳು.

"ಕೆಲಸ ಬರುತ್ತೆ ಅಂತ."

"ಅಷ್ಟು ಗೊತ್ತಾಗೋಕೆ ಆರು ತಿಂಗಳು ಹಿಡೀತಾ ಅವನಿಗೆ? ಹಿಡಿ, ತುದಿ ಹಿಡಿ. ಮಿಕ್ಕವರ ಅರ್ಜಿಗೆ ನಾಳೆ ಹೋಗೋಣ, ಎಲ್ಲ ಸೇರಿ."

ಎರಡು ಗಂಟೆಯ ಹೊತ್ತಿಗೆ ರಾಶಿ ಕರಗಿತು. ಅವಳು ಕೈ ತೊಳೆದು ಮೇಸ್ತ್ರಿಯ ಮುಂದೆ ಹೋಗಿ ನಿಂತಳು.

"ನನಗೆ ಅರ್ಧ ದಿನ ರಜೆ ಬೇಕು."

"ಕಾಯಂ ಆದ ದಿನವೇ ರಜೆನಾ?"

"ಕಾಯಂ ಆದವರಿಗೆ ತಾನೇ ರಜೆ ಸಿಗೋದು?"

ಮೇಸ್ತ್ರಿ ರಜೆಯ ಪುಸ್ತಕ ತೆಗೆದ. "ಕಾರಣ?"

"ಮಗಳನ್ನ ಕರ್ಕೊಂಡು ಬರೋಕೆ," ಅಂದಳು. "ಹಾಗೇ ಬರ್ಕೊಳ್ಳಿ."